ಗುಡ್ಡದ ಸೈಕಲು ಕೊಳ್ಳುವ ಮೊದಲು
(ಪುಣೆಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯವನ್ನು ಸಂಘದ ಹಲಗೆಯ ಮೇಲೆ ಬರೆದ ದಿನವೇ ಕೆಲವು ಹಿರಿಯರು ನಕ್ಕಿದ್ದಾರೆ. ಸಂಬಳ, ಬೋನಸ್ಸುಗಳ ಮಾತು ಬಿಟ್ಟು ಸಂಘದವರು ಈಗ ಸೈಕಲು ಹತ್ತಿದರೋ ಎಂದು ಕೇಳಿದ್ದಾರೆ. ನಗಲಿ, ತಪ್ಪೇನಿಲ್ಲ. ಆದರೆ ಈ ವಿಷಯವನ್ನು ನಾವಾಗಿ ಹುಡುಕಿ ತಂದದ್ದಲ್ಲ, ನಮ್ಮ ತರುಣ ಸದಸ್ಯರು ತಂದದ್ದು. ಭಟ್ಟಿಯ ಮುಂದೆ, ಮೋರಿಯ ಹತ್ತಿರ, ಮೇಜುಗಳ ನಡುವೆ ವಾರಕ್ಕೆ ಆರು ದಿನ ಸುತ್ತುವ ಹುಡುಗರು ಏಳನೆಯ ದಿನ ಬೆಳಿಗ್ಗೆ ವೇತಾಳ ಟೇಕಡಿಗೋ, ಬಾಣೇರ-ಪಾಷಾಣದ ಗುಡ್ಡಕ್ಕೋ ಹೋಗಿ ಗಾಳಿ ಕುಡಿದು ಬರುತ್ತಾರೆ. ಅಲ್ಲಿ ದಪ್ಪ ಟಾಯರಿನ ಸೈಕಲಿನ ಮೇಲೆ ಕಲ್ಲುದಾರಿಯಲ್ಲಿ ಇಳಿದು ಬರುವವರನ್ನು ಕಂಡಿದ್ದಾರೆ. ನಮಗೂ ಅಂಥದೊಂದು ಬೇಕು ಎಂದು ಮನಸ್ಸು ಮಾಡಿದ್ದಾರೆ. ವಾರಕ್ಕೊಂದು ರಜೆ ಎಂಬುದು ನಮ್ಮ ಹಿಂದಿನವರು ಜಗಳಾಡಿ ಪಡೆದದ್ದು. ಆ ದಿನ ಮಲಗಬೇಕೋ ಗುಡ್ಡ ಹತ್ತಬೇಕೋ ಎಂಬುದನ್ನು ಸೇಟೂ ಹೇಳಬೇಕಾಗಿಲ್ಲ, ಸಂಘವೂ ಹೇಳಬೇಕಾಗಿಲ್ಲ.

ಆದರೆ ದುಡ್ಡಿನ ಮಾತು ಬಂದಾಗ ಸಂಘ ಸುಮ್ಮನೆ ಕೂಡ್ರಲಾರದು. ಊರಿಗೆ ಕಳಿಸಿ, ಖೋಲಿಯ ಬಾಡಿಗೆ ಕೊಟ್ಟು, ಉಳಿದದ್ದರಲ್ಲಿ ಐವತ್ತು ನೂರು ಎಂದು ಕೂಡಿಟ್ಟ ಹಣ ಇದು. ಅದನ್ನು ಹೊಳೆಯುವ ಬಣ್ಣಕ್ಕೆ ಕೊಟ್ಟು ಆರು ತಿಂಗಳಲ್ಲಿ ಗುಜರಿಯವನಿಗೆ ತೂಕಕ್ಕೆ ಹಾಕುವುದಾದರೆ ಅದು ಸಂಬಳ ಕಳೆದುಕೊಂಡಂತೆಯೇ. ಇನ್ನೊಂದು ಮೈಯ ಮಾತು. ದೋಸೆ ಹೊಯ್ಯುವವನ ಬಲಗೈ ಮುರಿದರೆ ಅವನ ಬಂಡವಾಳವೇ ಮುರಿದಂತೆ. ಆದುದರಿಂದ ನಾವು ನಾಲ್ಕೈದು ಜನ ಸೇರಿ ಹಲವು ಅಂಗಡಿ ತಿರುಗಿ, ರಿಪೇರಿ ಮಾಡುವವರ ಪಕ್ಕದಲ್ಲಿ ಕುಳಿತು, ಸೈಕಲು ಬಿಚ್ಚಿಸಿ ನೋಡಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಸೈಕಲು ಹುಟ್ಟಿದ ಕತೆ. ಅದು ತಿಳಿದರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಇದು ಹಣವಂತರ ಆಟದ ಸಾಮಾನಾಗಿ ಹುಟ್ಟಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿ, ಮರಿನ್ ಎಂಬ ಸೀಮೆಯಿದೆ. ಅಲ್ಲಿ ಟ್ಯಾಮಲ್ಪೈಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು 1930-40ರ ಕಾಲದ ಹಳೆಯ ಶ್ವಿನ್ ಸೈಕಲುಗಳನ್ನು ಹಳೇ ಸಾಮಾನಿನ ರಾಶಿಯಿಂದ ಕೆಲವೇ ಡಾಲರು ಕೊಟ್ಟು ತಂದರು. ಒಂದು ಕಾಲಕ್ಕೆ ಮನೆ ಮನೆಗೆ ಪತ್ರಿಕೆ ಹಾಕುವ ಹುಡುಗರು ಓಡಿಸುತ್ತಿದ್ದಂಥ ಸೈಕಲುಗಳು ಅವು. ನಮ್ಮ ಹಾಲಿನವನ ಹರ್ಕ್ಯುಲಿಸ್ ಇದ್ದ ಹಾಗೆ ಗಟ್ಟಿ, ಹಾಗೆಯೇ ಭಾರ. ಆದರೆ ಟಾಯರು ಮಾತ್ರ ದಪ್ಪ. ಬೆಟ್ಟದ ಮೇಲಕ್ಕೆ ತಳ್ಳಿಕೊಂಡೋ ಲಾರಿಯಲ್ಲಿ ಹಾಕಿಕೊಂಡೋ ಹೋಗಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು.

ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅದಕ್ಕಿತ್ತು. ಕಡಿದಾದ ಇಳಿಜಾರಿನಲ್ಲಿ ಆ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ ರಿಪ್ಯಾಕ್, ಅಂದರೆ ಮತ್ತೆ ತುಂಬು, ಎಂದೇ ಹೆಸರಾಯಿತು. ಸುಮಾರು 2 ಮೈಲಿ ಉದ್ದದಲ್ಲಿ 1,300 ಅಡಿ ಇಳಿಯುವ ದಾರಿ. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲನೆಯ ಪಂದ್ಯ ಇಟ್ಟರು.

ಈಗ ಗಮನಿಸಿರಿ. ಆ ಹುಡುಗರು ಹಳೆಯ ಸೈಕಲಿಗೆ ಒಂದೊಂದಾಗಿ ಏನು ಸೇರಿಸಿದರು? ದಪ್ಪ ಟಾಯರು ಮೊದಲೇ ಇತ್ತು. ಆಮೇಲೆ ಒಳ್ಳೆಯ ಬ್ರೇಕು ಮತ್ತು ಮೋಟಾರು ಸೈಕಲಿನ ಬ್ರೇಕಿನ ಹಿಡಿ. ಆಮೇಲೆ ಹತ್ತುವುದಕ್ಕಾಗಿ ಗೇರು. ಆಮೇಲೆ ಹಳೆಯ ಫ್ರೇಮುಗಳು ಮುರಿಯತೊಡಗಿದ್ದರಿಂದ ಹೊಸ ಫ್ರೇಮು. ಜೋ ಬ್ರೀಝ್ ಎಂಬವರು 1977-78ರಲ್ಲಿ ಅದಕ್ಕಾಗಿಯೇ ಫ್ರೇಮು ಬೆಸೆದು ಕೊಟ್ಟರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಎಂಬಿಬ್ಬರು ಮೌಂಟನ್‌ಬೈಕ್ಸ್ ಎಂಬ ಹೆಸರಿನಲ್ಲಿ ವ್ಯಾಪಾರ ಹೂಡಿದರು. ಟಾಮ್ ರಿಚಿ ಅವರಿಗೆ ಫ್ರೇಮು ಮಾಡಿ ಕೊಡುತ್ತಿದ್ದರು. 1981ರಲ್ಲಿ ಸ್ಪೆಶಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಎಂಬುದು ಕಾರಖಾನೆಯಲ್ಲೇ ತಯಾರಾಗಿ ಬಂತು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೂ ಈ ಆಟ ಸೇರಿತು. ಇಷ್ಟರಲ್ಲಿ ಸ್ಪ್ರಿಂಗು ಎಲ್ಲಿ ಬಂತು? ಮುಂದಿನ ಫೋರ್ಕಿಗೆ ಸ್ಪ್ರಿಂಗು ಹಾಕುವುದು ರೂಢಿಗೆ ಬಂದದ್ದು 1990ರ ನಂತರ. ಅಂದರೆ ಹದಿನೈದು ವರ್ಷಗಳ ಹತ್ತಿರ ಆ ಜನ ಸ್ಪ್ರಿಂಗೇ ಇಲ್ಲದೆ ಬೆಟ್ಟ ಇಳಿದರು. ಟಾಯರು, ಬ್ರೇಕು, ಹತ್ತುವ ಗೇರು, ಫ್ರೇಮು, ಎಲ್ಲದರ ಕೊನೆಗೆ ಸ್ಪ್ರಿಂಗು. ದುಡ್ಡು ಕಡಿಮೆಯಿದ್ದವರು ಹಿಡಿದ ದಾರಿ ಇದು.

ನಮ್ಮ ಪೇಟೆಯ ಅಂಗಡಿಯಲ್ಲಿ ಇದು ತಲೆಕೆಳಗು. ಎಲ್ಲಕ್ಕಿಂತ ಮುಂದೆ ನಿಲ್ಲಿಸುವುದು ಎರಡೂ ಕಡೆ ಸ್ಪ್ರಿಂಗಿನ ಸೈಕಲು. ಕಡ್ಡಿಗಳ ನಡುವೆ ಹೊಳೆಯುವ ಡಿಸ್ಕು. ಫ್ರೇಮಿನ ಮೇಲೆ ಇಪ್ಪತ್ತೊಂದು ಗೇರು ಎಂದು ದೊಡ್ಡ ಅಕ್ಷರ. ಬೆಲೆ ಕೇಳಿದರೆ ಹತ್ತು ಸಾವಿರಕ್ಕೂ ಕೆಳಗೆ! ಯಾರಿಗೆ ಆಸೆ ಹುಟ್ಟದು? ನಮ್ಮ ಸದಸ್ಯನೊಬ್ಬ ಅಂಥದೊಂದನ್ನು ತಂದ. ಅಂಗಡಿಯ ಹೆಸರು ಇಲ್ಲಿ ಬೇಡ. ಅದನ್ನು ಹೊಟೇಲಿನ ಗೋದಾಮಿನಲ್ಲಿ ಅಕ್ಕಿ ತೂಗುವ ತಕ್ಕಡಿಗೆ ಏರಿಸಿದೆವು. 19 ಕಿಲೋ ಬಂತು. ಮುಕ್ಕಾಲು ಚೀಲ ಅಕ್ಕಿ ಹೊತ್ತು ಟೇಕಡಿ ಹತ್ತಿದ ಹಾಗೆ. ಎರಡನೆಯ ತಿಂಗಳಿಗೆ ಹಿಂದಿನ ಅಚ್ಚು ಬಾಗಿತು. ನಾಲ್ಕನೆಯ ತಿಂಗಳಿಗೆ ಹಿಂದಿನ ಸ್ಪ್ರಿಂಗು ಕೂಡುವ ಕೀಲು ಸಡಿಲಾಗಿ ಸೈಕಲು ಹಾವಿನ ಹಾಗೆ ಹೊರಳತೊಡಗಿತು. ಅಂಗಡಿಯವರು, ಗುಡ್ಡಕ್ಕೆ ಯಾಕೆ ಒಯ್ದಿರಿ ಎಂದು ಕೇಳಿದರು. ಮೌಂಟನ್ ಬೈಕ್ ಎಂದು ಮೈಮೇಲೆ ಬರೆದುಕೊಂಡ ಸಾಮಾನು!

ಅಗ್ಗದ ಸ್ಪ್ರಿಂಗು ಯಾಕೆ ಕೆಡುಕು ಎಂಬುದನ್ನು ಹೊಟೇಲಿನ ಕೆಲಸಗಾರರಿಗೆ ಹೇಳುವುದು ಸುಲಭ. ನಮ್ಮಲ್ಲಿ ಎರಡು ಬಗೆಯ ಬಾಗಿಲುಗಳಿವೆ. ಅಡಿಗೆಮನೆಗೂ ಹಾಲಿಗೂ ನಡುವೆ ಸ್ಪ್ರಿಂಗಿನ ಅರ್ಧ ಬಾಗಿಲು. ತಳ್ಳಿ ಬಿಟ್ಟರೆ ನಾಲ್ಕು ಸಲ ಆಚೆ ಈಚೆ ಬಡಿದು ಆಮೇಲೆ ನಿಲ್ಲುತ್ತದೆ; ಹಿಂದೆ ತಟ್ಟೆ ಹಿಡಿದು ಬರುವವನ ಮೂಗಿಗೂ ತಾಗುತ್ತದೆ. ಏಸಿ ಕೋಣೆಯ ಗಾಜಿನ ಬಾಗಿಲು ಹಾಗಲ್ಲ. ಅದರಲ್ಲೂ ಸ್ಪ್ರಿಂಗು ಇದೆ, ಆದರೆ ಅದರ ಜೊತೆಗೆ ಎಣ್ಣೆ ತುಂಬಿದ ನಳಿಗೆಯೂ ಇದೆ. ಸಣ್ಣ ತೂತಿನಿಂದ ಎಣ್ಣೆ ನಿಧಾನವಾಗಿ ಹಾಯುವುದರಿಂದ ಬಾಗಿಲು ಮೆಲ್ಲಗೆ ಮುಚ್ಚಿ ಸುಮ್ಮನಾಗುತ್ತದೆ. ಒಳ್ಳೆಯ ಫೋರ್ಕು ಆ ಗಾಜಿನ ಬಾಗಿಲಿನಂತೆ, ಅಗ್ಗದ ಫೋರ್ಕು ಅಡಿಗೆಮನೆಯ ಬಾಗಿಲಿನಂತೆ. ಒಂದು ಕಲ್ಲಿಗೆ ಕುಗ್ಗಿದ್ದು ಮರುಕ್ಷಣ ಪುಟಿದು, ಮುಂಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಹತ್ತುವಾಗ ಇನ್ನೊಂದು ಕಷ್ಟ: ಪೆಡಲು ಒತ್ತಿದ ಬಲದಲ್ಲಿ ಒಂದು ಪಾಲು ಸ್ಪ್ರಿಂಗನ್ನು ಕುಣಿಸುವುದಕ್ಕೇ ಹೋಗುತ್ತದೆ.

ಆದುದರಿಂದ ಹಿಂದೆ ಸ್ಪ್ರಿಂಗು ಇರುವ ಸೈಕಲು ನಮ್ಮ ದುಡ್ಡಿನಲ್ಲಿ ಬೇಡವೇ ಬೇಡ. ಮುಂದಿನದ್ದು ಇದ್ದರೆ ಇರಲಿ, ಅದಕ್ಕಾಗಿ ಬೇರೆಯದನ್ನು ಬಿಟ್ಟುಕೊಡಬೇಡಿ. ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕಿನ ಒಳ್ಳೆಯ ಸೈಕಲು, ಸ್ಪ್ರಿಂಗಿರುವ ಕೆಟ್ಟ ಸೈಕಲಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದ ಅಂಗಡಿಯವರು ಬಹಳ ಮಂದಿ ಇದ್ದಾರೆ. ಅವರಿಗೆ ಸ್ಪ್ರಿಂಗು ಮಾರುವುದಿದೆ.

ಹಾಗಾದರೆ ಯಾವುದನ್ನು ಮೊದಲು ನೋಡಬೇಕು? ಅಳತೆಯನ್ನು. ಚಪ್ಪಲಿ ಕೊಳ್ಳುವಾಗ ಪಾದಕ್ಕೆ ಹಾಕಿ ನೋಡುತ್ತೇವೆ. ಇಪ್ಪತ್ತು ಸಾವಿರದ ಸೈಕಲನ್ನು ಚಿತ್ರ ನೋಡಿ ತರಿಸುತ್ತೇವೆ! ಫ್ರೇಮಿಗೆ ಅಳತೆಯಿದೆ. ಐದು ಅಡಿ ನಾಲ್ಕು ಇಂಚಿನಿಂದ ಏಳು ಇಂಚಿನವರೆಗೆ ಎತ್ತರವಿರುವವರಿಗೆ ಸಾಮಾನ್ಯವಾಗಿ 15ರಿಂದ 17 ಇಂಚಿನ ಫ್ರೇಮು ಒಗ್ಗುತ್ತದೆ. ಆದರೆ ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಅಳೆಯುವುದರಿಂದ ಅಂಕೆಯನ್ನು ನಂಬಿ ಕೂಡ್ರಬಾರದು. ಸೈಕಲಿನ ಮೇಲಿನ ಕೊಳವೆಯ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ಪೂರ್ತಿ ಪಾದ ಊರಿ ನಿಲ್ಲಿರಿ. ಕೊಳವೆಗೂ ತೊಡೆಸಂದಿಗೂ ನಡುವೆ ಎರಡು ಇಂಚಾದರೂ ಸಂದು ಬೇಕು. ಕಲ್ಲಿನ ಮೇಲೆ ಸೈಕಲು ನಿಂತುಹೋಗಿ ಅವಸರದಲ್ಲಿ ಕೆಳಗೆ ಕಾಲಿಡುವಾಗ ಆ ಎರಡು ಇಂಚಿನ ಬೆಲೆ ತಿಳಿಯುತ್ತದೆ. ಆಮೇಲೆ ಸೀಟಿನ ಮೇಲೆ ಕುಳಿತು ಹ್ಯಾಂಡ್ಲು ಹಿಡಿಯಿರಿ. ಮೊಣಕೈ ಸ್ವಲ್ಪ ಬಾಗಿರಬೇಕು. ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿದಂತೆ ನೆಟ್ಟಗಾದರೆ ಆ ಸೈಕಲು ನಿಮಗೆ ಉದ್ದವಾಯಿತು.

ಇಲ್ಲಿ ಅಂಗಡಿಯ ಒಂದು ಯುಕ್ತಿಯಿದೆ. ನಿಮ್ಮ ಅಳತೆಯದು ಅವರಲ್ಲಿ ಇಲ್ಲದಿದ್ದರೆ, ಸೀಟು ಇಳಿಸಿ ಕೊಡುತ್ತೇವೆ, ಸರಿಹೋಗುತ್ತದೆ ಎನ್ನುತ್ತಾರೆ. ಸೀಟು ಇಳಿಸಿದರೆ ಸೀಟು ಇಳಿಯುತ್ತದೆ, ಫ್ರೇಮು ಗಿಡ್ಡವಾಗುವುದಿಲ್ಲ. ನಿಮ್ಮ ಅಳತೆ ಬರುವತನಕ ಕಾಯಿರಿ. ಸೀಟಿನ ಎತ್ತರ ಬೇರೆಯೇ ಲೆಕ್ಕ: ಪೆಡಲು ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು; ಇಳಿಜಾರಿನಲ್ಲಿ ಅದಕ್ಕಿಂತ ಎರಡು ಮೂರು ಇಂಚು ಇಳಿಸಬೇಕು. ಆದುದರಿಂದ ಸೀಟಿನ ಕೆಳಗೆ ಕೈಯಿಂದ ಬಿಚ್ಚುವ ಹಿಡಿ ಇದ್ದರೆ ಒಳ್ಳೆಯದು.

ಬ್ರೇಕಿನ ವಿಷಯ ಹೇಳುತ್ತೇವೆ. ಮೂರು ಬಗೆ ಇದೆ. ರಿಮ್ಮನ್ನು ಎರಡು ಕಡೆಯಿಂದ ಹಿಡಿಯುವ ವಿ-ಬ್ರೇಕು, ತಂತಿಯಿಂದ ಎಳೆಯುವ ಡಿಸ್ಕು, ಎಣ್ಣೆಯಿಂದ ಒತ್ತುವ ಡಿಸ್ಕು. ಡಿಸ್ಕು ಇದೆ ಎಂದ ಮಾತ್ರಕ್ಕೆ ಒಳ್ಳೆಯ ಬ್ರೇಕು ಎಂದಲ್ಲ. ಹೆಸರಿಲ್ಲದ ಡಿಸ್ಕಿಗಿಂತ ಒಳ್ಳೆಯ ವಿ-ಬ್ರೇಕು ಒಣ ದಾರಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಪ್ಯಾಡಿನ ಬೆಲೆಯೂ ಕಡಿಮೆ. ಆದರೆ ಪುಣೆಯ ಗುಡ್ಡ ಮುರುಮಿನ ಗುಡ್ಡ. ಮಳೆ ಬಿದ್ದ ದಿನ ಆ ಕೆಂಪು ನುಚ್ಚು ಕೆಸರಾಗಿ ರಿಮ್ಮಿಗೆ ಮೆತ್ತಿ, ಬ್ರೇಕು ಹಿಡಿದಾಗಲೆಲ್ಲ ಒರಳಿನಲ್ಲಿ ಮರಳು ಹಾಕಿ ರುಬ್ಬಿದ ಹಾಗೆ ರಿಮ್ಮನ್ನೇ ಸವೆಸುತ್ತದೆ. ಡಿಸ್ಕು ಕೆಸರಿನಿಂದ ಮೇಲಿರುವುದರಿಂದ ಈ ಕಾಟ ಕಡಿಮೆ. ತಂತಿಯ ಡಿಸ್ಕನ್ನು ಪ್ಯಾಡು ಸವೆದ ಹಾಗೆ ಬಿಗಿಮಾಡುತ್ತಿರಬೇಕು, ಆದರೆ ಆ ಕೆಲಸ ಒಂದು ಕೀಲಿಯಲ್ಲಿ ನಾವೇ ಮಾಡಿಕೊಳ್ಳಬಹುದು. ಎಣ್ಣೆಯದು ಎರಡು ಬೆರಳಿಗೆ ನಿಲ್ಲುತ್ತದೆ, ಕೈ ಸೋಲುವುದಿಲ್ಲ. ಶಿಮಾನೋ ಕಂಪನಿಯ ಎಂಟಿ200 ಎಂಬ ಸಾದಾ ಮಾದರಿಯೇ ನಮ್ಮ ಗುಡ್ಡಗಳಿಗೆ ಧಾರಾಳವಾಯಿತು. ಆದರೆ ಅದರಲ್ಲಿ ಗಾಳಿ ಸೇರಿದರೆ ಎಣ್ಣೆ ತೆಗೆದು ತುಂಬಲು ಬಲ್ಲವರು ಬೇಕು. ಯಾವುದೇ ಇರಲಿ, ಅಂಗಡಿಯಲ್ಲೇ ಒತ್ತಿ ನೋಡಿರಿ. ಹಿಡಿ ಬಂದು ಹ್ಯಾಂಡ್ಲಿಗೆ ತಾಗಿದರೆ ಬಿಟ್ಟು ಬನ್ನಿರಿ.

ಗೇರಿನ ಮಾತಿಗೆ ಬರೋಣ, ಇಲ್ಲಿ ಮೋಸ ಹೋಗುವುದು ಜಾಸ್ತಿ. ಇಪ್ಪತ್ತೊಂದು ಎಂಬ ಸಂಖ್ಯೆ ನೋಡಿ ಒಂಬತ್ತಕ್ಕಿಂತ ಹೆಚ್ಚು ಎಂದುಕೊಳ್ಳುತ್ತೇವೆ. ಊಟದಲ್ಲಿ ಎಷ್ಟು ಬಟ್ಟಲು ಇಟ್ಟಿದ್ದಾರೆ ಎಂದು ಎಣಿಸಿದ ಹಾಗಾಯಿತು, ಬಟ್ಟಲೊಳಗೆ ಏನಿದೆ ಎಂದು ನೋಡಲಿಲ್ಲ. ಹತ್ತುವಾಗ ನಮಗೆ ಬೇಕಾದದ್ದು ಎಲ್ಲಕ್ಕಿಂತ ಹಗುರಾದ ಒಂದು ಗೇರು. ಅದನ್ನು ತಿಳಿಯಲು ಹಲ್ಲು ಎಣಿಸಬೇಕು. ಮುಂದಿನ ಚಕ್ರಗಳಲ್ಲಿ ಚಿಕ್ಕದರ ಹಲ್ಲುಗಳನ್ನು ಹಿಂದಿನ ಚಕ್ರಗಳಲ್ಲಿ ದೊಡ್ಡದರ ಹಲ್ಲುಗಳಿಂದ ಭಾಗಿಸಿರಿ. ಮುಂದೆ 24, ಹಿಂದೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ 0.86 ಸುತ್ತು ತಿರುಗುತ್ತದೆ. ಅಗ್ಗದ ಇಪ್ಪತ್ತೊಂದು ಗೇರಿನ ಸೈಕಲುಗಳಲ್ಲಿ ಇಂಥ ಲೆಕ್ಕ ಬಹಳ. ಮುಂದೆ ಒಂದೇ ಚಕ್ರ 32 ಹಲ್ಲಿನದು, ಹಿಂದೆ 42 ಇದ್ದರೆ 0.76. ಇದು ಒಂಬತ್ತೇ ಗೇರಿನ ಸೈಕಲಾಗಿರಬಹುದು, ಆದರೂ ಹತ್ತುವುದಕ್ಕೆ ಹಗುರ. ಮುಂದೆ 22, ಹಿಂದೆ 34 ಸಿಕ್ಕಿದರೆ 0.65, ಅದು ಇನ್ನೂ ಹಗುರ. ಈ ಅಂಕೆ 0.8ಕ್ಕಿಂತ ಕೆಳಗಿರಲಿ ಎಂದು ನಾವು ಹೇಳುತ್ತೇವೆ. ಹತ್ತು ತಾಸು ನಿಂತು ದುಡಿದ ಕಾಲುಗಳು ನಮ್ಮವು.

ಅದಕ್ಕಿಂತ ಮುಖ್ಯವಾದದ್ದು, ಕಣ್ಣಿಗೆ ಕಾಣದೆ ಒಳಗಿರುವುದು. ಹಿಂದಿನ ಹಲ್ಲುಚಕ್ರಗಳ ಗೊಂಚಲು ಹಬ್ಬಿಗೆ ಕೂಡುವುದರಲ್ಲಿ ಎರಡು ರೀತಿಯಿದೆ. ಹಳೆಯ ರೀತಿ ಫ್ರೀವೀಲು, ತಿರುಪಿ ಕೂಡಿಸುವುದು. ಹೊಸ ರೀತಿ ಕ್ಯಾಸೆಟ್ಟು. ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗು ಹಬ್ಬಿನ ಒಳಕ್ಕೆ ಉಳಿದು, ಅಚ್ಚಿನ ಉದ್ದದ ತುಂಡೊಂದು ಆಧಾರವಿಲ್ಲದೆ ಹೊರಗೆ ಚಾಚಿರುತ್ತದೆ. ಬೆಂಚಿನ ಕಾಲು ನಡುವಿಗಿದ್ದು ಹಲಗೆಯ ತುದಿಗೆ ದಪ್ಪ ಗಿರಾಕಿ ಕುಳಿತರೆ ಏನಾಗುವುದೆಂದು ನಮಗೆ ಗೊತ್ತಿದೆ. ಕ್ಯಾಸೆಟ್ಟಿನ ಹಬ್ಬಿನಲ್ಲಿ ಬೇರಿಂಗು ತುದಿಯ ಹತ್ತಿರವೇ ಇರುತ್ತದೆ. ಆ ಸದಸ್ಯನ ಸೈಕಲಿನ ಅಚ್ಚು ಬಾಗಿದ್ದು ಇದೇ ಕಾರಣದಿಂದ. ಏಳು ಚಕ್ರದ ಗೊಂಚಲು ಬಹುಮಟ್ಟಿಗೆ ಫ್ರೀವೀಲು, ಎಂಟರಲ್ಲಿ ಎರಡೂ ಇವೆ, ಒಂಬತ್ತು ಮತ್ತು ಮೇಲಿನದು ಬಹುಮಟ್ಟಿಗೆ ಕ್ಯಾಸೆಟ್ಟು. ಅಂಗಡಿಯಲ್ಲಿ ಫ್ರೀವೀಲೋ ಕ್ಯಾಸೆಟ್ಟೋ ಎಂದು ಕೇಳಿರಿ. ಆ ಒಂದು ಪ್ರಶ್ನೆ ಕೇಳಿದರೆ ಸಾಕು, ಮಾರುವವನ ಮಾತಿನ ಧಾಟಿಯೇ ಬದಲಾಗುತ್ತದೆ.

ಚಕ್ರದ ಅಳತೆ 26, 27.5, 29 ಇಂಚು ಎಂದಿವೆ. ಇದರ ಬಗ್ಗೆ ಬಹಳ ವಾದವಿದೆ, ನಮಗೆ ಅಷ್ಟು ವಾದ ಬೇಡ. ದೊಡ್ಡ ಚಕ್ರ ಕಲ್ಲನ್ನು ಸುಲಭವಾಗಿ ದಾಟುತ್ತದೆ. ಗಿಡ್ಡ ಆಳಿಗೆ 27.5 ಕೈಗೆ ಬಗ್ಗುತ್ತದೆ. ಹಳೆಯದು ಕೊಂಡರೆ 26 ಬರುತ್ತದೆ, ಬರಲಿ. ರಿಮ್ಮು ಎರಡು ಪದರದ್ದೇ ಎಂದು ಮಾತ್ರ ಕೇಳಿರಿ. ಟಾಯರು 2.1 ಇಂಚಿಗೆ ಕಡಿಮೆ ಬೇಡ. ಮುರುಮು ಒಣಗಿದಾಗ ಗೋಲಿಯ ಮೇಲೆ ನಡೆದ ಹಾಗೆ ಜಾರುತ್ತದೆ. ಗುಬ್ಬಿಗಳು ಎದ್ದಿರುವ ಟಾಯರು ಬೇಕು. ಮತ್ತು ಗಾಳಿ. ಪೆಟ್ರೋಲು ಪಂಪಿನಲ್ಲಿ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಗುಡ್ಡಕ್ಕೆ ಹೋಗುವವರನ್ನು ನಾವು ನೋಡಿದ್ದೇವೆ. ಅರವತ್ತು ಕಿಲೋ ತೂಕದ ಆಳಿಗೆ, ಟ್ಯೂಬು ಇರುವ ದಪ್ಪ ಟಾಯರಿಗೆ, ದಾರಿಯಲ್ಲಿ 25ರಿಂದ 30 ಪೌಂಡು ಗಾಳಿ ಸಾಕು, ಹಿಂದೆ ಸ್ವಲ್ಪ ಹೆಚ್ಚು. ಟಾಯರೇ ನಮ್ಮ ಮೊದಲನೆಯ ಸ್ಪ್ರಿಂಗು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಗಾಳಿ ಸ್ವಲ್ಪ ಬಿಟ್ಟರಾಯಿತು.

ಯಾವ ಕಂಪನಿಯದು ಕೊಳ್ಳಬೇಕು, ಹೆಸರು ಹೇಳಿ ಎಂದು ಹುಡುಗರು ಕೇಳುತ್ತಾರೆ. ಹೇಳುವುದಿಲ್ಲ. ಒಂದೇ ಹೆಸರಿನ ಕೆಳಗೆ ಗುಡ್ಡಕ್ಕೆ ಆಗುವುದೂ ಇದೆ, ಹಾಲಿನ ಡೈರಿಗೆ ಹೋಗಿಬರಲು ಮಾತ್ರ ಆಗುವುದೂ ಇದೆ. ಅದರ ಬದಲು ಫ್ರೇಮಿನ ಮೇಲಿನ ಚೀಟಿಯನ್ನೂ ಕೈಪಿಡಿಯನ್ನೂ ಓದಿರಿ, ಇಂಗ್ಲಿಷು ಬಾರದಿದ್ದರೆ ಓದಿಸಿ ಕೇಳಿರಿ. ಎಎಸ್‌ಟಿಎಂ ಎಂಬ ಅಮೆರಿಕದ ಸಂಸ್ಥೆಯ ನಿಯಮದ ಪ್ರಕಾರ ಸೈಕಲುಗಳಿಗೆ 1ರಿಂದ 5ರವರೆಗೆ ಅಂಕೆ ಕೊಡುತ್ತಾರೆ; ಹಲವು ಸೈಕಲುಗಳ ಮೇಲೆ ಅದು ಇರುತ್ತದೆ. 1 ಎಂದರೆ ಡಾಂಬರು. 2 ಎಂದರೆ ಜಲ್ಲಿದಾರಿ, ಸುಮಾರು ಆರು ಇಂಚಿನ ಇಳಿತದವರೆಗೆ. 3 ಎಂದರೆ ಕಲ್ಲುಮುಳ್ಳಿನ ಕಾಲುದಾರಿ, ಸುಮಾರು ಎರಡು ಅಡಿಯ ಇಳಿತದವರೆಗೆ. ಟೇಕಡಿಗೆ 3 ಬೇಕು. ಬರಿಯ ಮಣ್ಣುರಸ್ತೆಯಲ್ಲಿ ತಿರುಗಾಡುವುದಾದರೆ 2 ಸಾಕು. ನಿಜ ಹೇಳಬೇಕೆಂದರೆ, ಅಷ್ಟಕ್ಕೆ ಖೋಲಿಯ ಹಿಂದೆ ತುಕ್ಕು ಹಿಡಿಯುತ್ತಿರುವ ಹಳೆಯ ಕರಿ ಸೈಕಲೇ ಸಾಕು.

ಬೆಲೆಯ ಅಂದಾಜು ಹೀಗಿದೆ. ಹತ್ತು ಸಾವಿರದ ಕೆಳಗೆ ಗುಡ್ಡಕ್ಕೆ ಆಗುವ ಹೊಸ ಸೈಕಲು ನಮಗೆ ಸಿಕ್ಕಿಲ್ಲ. ಹದಿನೈದರಿಂದ ಇಪ್ಪತ್ತೈದು ಸಾವಿರದ ಒಳಗೆ ಅಲ್ಯುಮಿನಿಯಂ ಫ್ರೇಮು, ತಂತಿಯ ಡಿಸ್ಕು, 14-15 ಕಿಲೋ ತೂಕ, ಹುಡುಕಿದರೆ ಕ್ಯಾಸೆಟ್ಟೂ ಸಿಗುತ್ತದೆ. ಅದರ ಮೇಲೆ ಹೋದರೆ ಎಣ್ಣೆಯ ಬ್ರೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲಿನ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿರಿ. ಕೈಯಲ್ಲಿರುವ ಹಣದಲ್ಲಿ ಮೂರು ಸಾವಿರವನ್ನು ಮೊದಲೇ ಬೇರೆ ಕಿಸೆಗೆ ಹಾಕಿಡಿರಿ. ಅದು ಹೆಲ್ಮೆಟ್ಟು, ಕೈಪಂಪು, ಒಂದು ಹೆಚ್ಚಿನ ಟ್ಯೂಬು, ಕೈಗವಸು ಇಷ್ಟಕ್ಕೆ. ಹೆಲ್ಮೆಟ್ಟಿಲ್ಲದವನನ್ನು ನಮ್ಮ ಜೊತೆ ಟೇಕಡಿಗೆ ಕರೆದುಕೊಂಡು ಹೋಗುವುದಿಲ್ಲ, ಅವನು ಕಾರ್ಯಕಾರಿ ಸಮಿತಿಯವನಾದರೂ ಸರಿ. ಕಂತಿನಲ್ಲಿ ಕೊಡುತ್ತೇವೆ, ಬಡ್ಡಿಯಿಲ್ಲ ಎಂದು ಹೇಳುವ ಕಡೆ ರೊಕ್ಕಕ್ಕೆ ಎಷ್ಟು ಎಂದು ಮೊದಲು ಕೇಳಿ, ಆಮೇಲೆ ಎಲ್ಲ ಕಂತುಗಳನ್ನೂ ಮೇಲಿನ ಖರ್ಚನ್ನೂ ಕೂಡಿಸಿ ನೋಡಿರಿ. ಎರಡು ಮೊತ್ತ ಒಂದೇ ಆದರೆ ಸರಿ.

ನಮ್ಮ ಮನಸ್ಸಿಗೆ ಹೆಚ್ಚು ಒಪ್ಪಿದ್ದು ಕೈಬದಲಾದ ಸೈಕಲು. ಪುಣೆಯಲ್ಲಿ ಐಟಿ ಕಂಪನಿಗಳ ಜನ ಉತ್ಸಾಹದಿಂದ ಕೊಂಡು, ನಾಲ್ಕು ಸಲ ಹೊಡೆದು, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಇಟ್ಟಿರುವ ಸೈಕಲುಗಳು ಎಷ್ಟೋ ಇವೆ. ಅವು ಅರ್ಧ ಬೆಲೆಗೂ ಬರುತ್ತವೆ. ಆದರೆ ಹಗಲು ಬೆಳಕಿನಲ್ಲೇ ನೋಡಿರಿ. ಹ್ಯಾಂಡ್ಲಿನ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವಲ್ಲಿ ಬಣ್ಣ ಗೆರೆಯಾಗಿ ಬಿರಿದಿದ್ದರೆ ಅಲ್ಲಿ ಕೆಳಗೆ ಸೀಳು ಇರಬಹುದು, ಮುಟ್ಟಬೇಡಿರಿ. ಅಲ್ಯುಮಿನಿಯಂ ಸೀಳನ್ನು ರಸ್ತೆಬದಿಯಲ್ಲಿ ಬೆಸೆಯಿಸಿ ಗುಡ್ಡ ಇಳಿಯುವುದು ಸಾವಿನ ಆಟ. ಚಕ್ರವನ್ನು ಎತ್ತಿ ತಿರುಗಿಸಿ, ಡೊಂಕಿದೆಯೇ ನೋಡಿರಿ. ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟಕಟ ಎಂದರೆ ಹ್ಯಾಂಡ್ಲಿನ ಬೇರಿಂಗು ಸಡಿಲು, ಇದನ್ನು ಸರಿಮಾಡಿಸಬಹುದು. ಚೈನು, ಪ್ಯಾಡು, ಟಾಯರು ಸವೆದಿದ್ದರೆ ಅದನ್ನು ತೋರಿಸಿ ಬೆಲೆ ಇಳಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ ಹಳೆಯ ಬಿಲ್ಲು ಕೇಳಿರಿ, ಪೆಡಲಿನ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮಿನ ನಂಬರು ಅದಕ್ಕೆ ಹೊಂದುತ್ತದೆಯೇ ನೋಡಿರಿ. ಬಿಲ್ಲಿಲ್ಲದ ಒಳ್ಳೆಯ ಸೈಕಲು ಕಡಿಮೆ ಬೆಲೆಗೆ ಬಂದರೆ ಅದು ಯಾರದೋ ಕಳುವಾದ ಸೈಕಲು ಇರಬಹುದು. ಪೋಲೀಸು ಠಾಣೆಯಲ್ಲಿ ಹೊಟೇಲು ಹುಡುಗನ ಮಾತು ಎಷ್ಟು ನಡೆಯುತ್ತದೆಂದು ಇಲ್ಲಿ ವಿವರಿಸಬೇಕಾಗಿಲ್ಲ.

ಇಬ್ಬರು ಸೇರಿ ಒಂದು ಕೊಳ್ಳಬಹುದೇ ಎಂದು ಕೆಲವರು ಕೇಳಿದ್ದಾರೆ. ಒಬ್ಬನಿಗೆ ಮಂಗಳವಾರ ರಜೆ, ಇನ್ನೊಬ್ಬನಿಗೆ ಗುರುವಾರ. ಸೈಕಲು ಒಂದೇ ಸಾಕಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಒಳ್ಳೆಯದು. ಇಬ್ಬರ ಎತ್ತರದಲ್ಲಿ ಎರಡು ಮೂರು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಫ್ರೇಮನ್ನು ಗಿಡ್ಡನ ಅಳತೆಗೆ ತೆಗೆದುಕೊಳ್ಳಬೇಕು. ರಿಪೇರಿಯ ಖರ್ಚು ಅರ್ಧರ್ಧ ಎಂದು ಮೊದಲೇ ಚೀಟಿಯಲ್ಲಿ ಬರೆದಿಡಿರಿ. ಸ್ನೇಹ ಹಾಳಾಗುವುದು ಸೈಕಲಿನಿಂದಲ್ಲ, ಪಂಕ್ಚರಿನ ಮೂವತ್ತು ರೂಪಾಯಿಯಿಂದ.

ಬಿದ್ದರೆ ಏನು ಎಂಬುದನ್ನೂ ಹೇಳಲೇಬೇಕು, ಯಾಕೆಂದರೆ ಬೀಳುವುದಂತೂ ಇದೆ. ಇ.ಎಸ್.ಐ.ಗೆ ಸೇರಿದವರಿಗೆ ಕೆಲಸದ ಹೊರಗೆ ಪೆಟ್ಟಾದರೂ ಆಸ್ಪತ್ರೆಯ ಚಿಕಿತ್ಸೆ ಇದೆ. ಡಾಕ್ಟರರು ಕೆಲಸಕ್ಕೆ ಆಗದು ಎಂದು ಚೀಟಿ ಕೊಟ್ಟರೆ ಕಾಯಿಲೆಯ ಭತ್ಯೆ ಸಂಬಳದ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಆದರೆ ಅದಕ್ಕಾಗಿ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ನಿಮ್ಮ ಹೆಸರಿನಲ್ಲಿ ವಂತಿಗೆ ನಿಜವಾಗಿಯೂ ಹೋಗುತ್ತಿದೆಯೇ? ಸಂಬಳದಲ್ಲಿ ಹಿಡಿಯುತ್ತಾರೆ, ಕಟ್ಟುತ್ತಾರೆಯೇ? ಸೈಕಲು ಕೊಳ್ಳುವ ಮೊದಲು ನಂಬರು ತಂದು ನಮಗೆ ತೋರಿಸಿರಿ, ಒಟ್ಟಿಗೆ ಕುಳಿತು ನೋಡೋಣ. ಎಷ್ಟೋ ಮಂದಿ ಈ ಸೈಕಲಿನ ನೆಪದಲ್ಲಾದರೂ ಅದನ್ನು ನೋಡಿಕೊಂಡರೆ ನಕ್ಕ ಹಿರಿಯರಿಗೂ ಸಮಾಧಾನವಾದೀತು.

ಗುಡ್ಡದ ಮೇಲೆ ನಡೆಯುವವರದ್ದು ಮೊದಲ ಹಕ್ಕು. ಬೆಳಿಗ್ಗೆ ವೃದ್ಧರು, ಹೆಂಗಸರು ಬಂದಿರುತ್ತಾರೆ. ಗಂಟೆ ಬಾರಿಸಿ, ನಿಧಾನಿಸಿ, ಬೇಕಾದರೆ ಇಳಿದು ದಾರಿ ಕೊಡಿರಿ. ವನ ಇಲಾಖೆಯ ಬೋರ್ಡು ಸೈಕಲು ಬೇಡ ಎಂದಲ್ಲಿ ಬೇಡ. ಜೋರು ಮಳೆಯ ಮರುದಿನ ಹೋಗಬೇಡಿರಿ. ಕಪ್ಪು ಮಣ್ಣು ಟಾಯರಿಗೆ ಹಿಟ್ಟಿನ ಮುದ್ದೆಯಂತೆ ಮೆತ್ತಿ ಚಕ್ರವೇ ತಿರುಗುವುದಿಲ್ಲ, ದಾರಿಯೂ ಕೊಚ್ಚಿಹೋಗುತ್ತದೆ.

ಹೊಸ ಸೈಕಲಿನ ತಂತಿಗಳು ಮೊದಲ ತಿಂಗಳಲ್ಲಿ ಸಡಿಲವಾಗುತ್ತವೆ, ಕಡ್ಡಿಗಳೂ ಸಡಿಲವಾಗುತ್ತವೆ. ಅಂಗಡಿಯವರು ಮೊದಲ ಸರ್ವಿಸು ಪುಕ್ಕಟೆ ಎಂದಿದ್ದರೆ ಬಿಡದೆ ಮಾಡಿಸಿಕೊಳ್ಳಿರಿ. ಆಮೇಲಿನದಕ್ಕೆ ಸಂಘದ ಕೋಣೆಯಲ್ಲಿ ಗಾಳಿಯ ಅಳತೆ ತೋರಿಸುವ ಒಂದು ನೆಲಪಂಪು, ಅಲೆನ್ ಕೀಲಿಗಳ ಒಂದು ಸೆಟ್ಟು, ಪಂಕ್ಚರಿನ ಸಾಮಾನು ತಂದಿಟ್ಟಿದ್ದೇವೆ. ಸಂಜೆಯ ಗಿರಾಕಿ ಶುರುವಾಗುವ ಮೊದಲು, ಮಧ್ಯಾಹ್ನ ಮೂರರಿಂದ ಐದರವರೆಗೆ ಕೋಣೆ ತೆರೆದಿರುತ್ತದೆ. ಕೀಲಿಗಳನ್ನು ಒಯ್ದವರು ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬೇಕು. ಐದು ನಂಬರಿನ ಕೀಲಿ ಈಗಾಗಲೇ ಕಾಣುವುದಿಲ್ಲ, ಯಾರಲ್ಲಿದೆಯೋ ತಂದು ಇಡಿರಿ.